ಶಾಶ್ವತ ಸಾವೋ, ಮರು-ಲೋಡೋ: ಯಾವ ಮೋಡ್ ಆರಿಸಬೇಕು?

ವಿಡಿಯೊ ಗೇಮ್‌ಗಳಲ್ಲಿ ಸತ್ತ ಪಾತ್ರ ಮತ್ತೆ ಬಾರದಿದ್ದರೆ ಅದು ಶಾಶ್ವತ ಸಾವು; ಉಳಿಸಿಟ್ಟ ಹಂತದಿಂದ (ಸೇವ್) ಮತ್ತೆ ಆಡಬಹುದಾದರೆ ಅದು ಮರು-ಲೋಡ್. ಶಾಶ್ವತ ಸಾವಿನ ಬಲ ಇರುವುದು ಭಯದಲ್ಲಿ. ಯೋಧರ ತಂಡವನ್ನು ನಡೆಸುವ 2012ರ ‘ಎಕ್ಸ್‌ಕಾಮ್: ಎನಿಮಿ ಅನ್‌ನೋನ್’ ಆಟದಲ್ಲಿ ಸತ್ತ ಯೋಧ ಮರಳುವುದಿಲ್ಲ. ಅದರ ಐರನ್‌ಮ್ಯಾನ್ ಮೋಡ್ ಆಯ್ದರಂತೂ ಇಡೀ ಆಟಕ್ಕೆ ಒಂದೇ ಸೇವ್, ಅದೂ ತಾನಾಗಿಯೇ ಆಗುತ್ತದೆ. ಮರೆಯಿಲ್ಲದ ಕಡೆ ಹೆಜ್ಜೆ ಇಡುವ ಮುನ್ನ ನಿಜವಾಗಿ ಯೋಚಿಸುತ್ತೀರಿ. ಮರು-ಲೋಡ್ ಇದ್ದರೆ ಈ ಬಿಗಿ ಸಡಿಲವಾಗುತ್ತದೆ. ಆದರೆ ವಿಚಿತ್ರ ಆಯುಧ, ಅಪಾಯದ ದಾರಿ ಎಲ್ಲವನ್ನೂ ಧೈರ್ಯವಾಗಿ ಪ್ರಯೋಗಿಸಬಹುದು. ಕಲಿಯುವವರಿಗೆ ಇದು ದೊಡ್ಡ ಲಾಭ.

ಶಾಶ್ವತ ಸಾವು ಕೆಡುವುದು ಮುಖ್ಯವಾಗಿ ಎರಡು ಕಡೆ. ಅನುಭವಿ ಯೋಧರು ಸತ್ತಾಗ ಗುರಿ ತಪ್ಪುವ ಹೊಸಬರು ಬಲಿಷ್ಠ ಶತ್ರುಗಳೆದುರು ನಿಲ್ಲಬೇಕು, ಸೋಲು ಸೋಲನ್ನೇ ಹೆರುತ್ತದೆ. ಆನ್‌ಲೈನ್ ಆಟದಲ್ಲಿ ನಿಮ್ಮ ತಪ್ಪಿಲ್ಲದೆ ಸಂಪರ್ಕ ಕಡಿದರೂ ಪಾತ್ರ ಸಾಯಬಹುದು. ಇದು ನನಗೆ ಅನ್ಯಾಯವೆನಿಸುತ್ತದೆ.

ಒಂದು ಸುತ್ತು ಗಂಟೆಯೊಳಗೆ ಮುಗಿದು, ನಕ್ಷೆ ಪ್ರತಿಸಲ ಬದಲಾಗುವುದಾದರೆ ಶಾಶ್ವತ ಸಾವನ್ನೇ ಆರಿಸಿ. ನಲವತ್ತು ಗಂಟೆಯ ಕಥೆಯಾದರೆ ಮೊದಲ ಸಲ ಬೇಡ: ಅದೇ ಸಂಭಾಷಣೆಗಳನ್ನು ಮತ್ತೆ ಕೇಳುವುದು ಶಿಕ್ಷೆ. ನಡುದಾರಿಯೂ ಉಂಟು. ‘ಫೈರ್ ಎಂಬ್ಲೆಮ್ ಅವೇಕನಿಂಗ್’ನ ಕ್ಯಾಶುಯಲ್ ಮೋಡ್‌ನಲ್ಲಿ ಬಿದ್ದವರು ಕದನ ಮುಗಿದ ಮೇಲೆ ಮರಳುತ್ತಾರೆ. ‘ಪಾತ್ ಆಫ್ ಎಕ್ಸೈಲ್’ ಎಂಬ ಆನ್‌ಲೈನ್ ಆಟದಲ್ಲಿ ಹಾರ್ಡ್‌ಕೋರ್ (ಒಂದೇ ಜೀವದ) ಪಾತ್ರ ಸತ್ತರೆ ಅಳಿಯದೆ ಸಾಮಾನ್ಯ ಲೀಗ್‌ಗೆ, ಅಂದರೆ ಸತ್ತರೂ ಆಟ ಮುಂದುವರಿಯುವ ವಿಭಾಗಕ್ಕೆ, ಸೇರುತ್ತದೆ.