ಹಳೆಯ ಫೋರ್-ವೀಲ್ ಡ್ರೈವ್ ಪಿಕಪ್‌ಗೆ ಎನ್‌ಪಿ 205 ಟ್ರಾನ್ಸ್‌ಫರ್ ಕೇಸ್: ಹಲವು ವರ್ಷಗಳ ಬಳಕೆಯ ನಂತರ

ನನ್ನಲ್ಲಿರುವುದು 1980ರ ದಶಕದ ಆರಂಭದ ಶೆವ್ರೊಲೆ ಕೆ-20 ಪಿಕಪ್. ಅದಕ್ಕೆ ನಾಲ್ಕು ಸ್ಪೀಡ್‌ನ ಎಸ್‌ಎಂ 465 ಮ್ಯಾನುಯಲ್ ಗೇರ್ ಬಾಕ್ಸ್, 3.73 ಅನುಪಾತದ ಆಕ್ಸಲ್‌ಗಳು ಮತ್ತು ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಜೋಡಿಸಲು ಕೈಯಿಂದ ತಿರುಗಿಸುವ ಲಾಕಿಂಗ್ ಹಬ್‌ಗಳಿವೆ. ಗೇರ್ ಬಾಕ್ಸ್‌ನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಕಾರ್ಖಾನೆಯಿಂದ ಗಾಡಿಯೊಂದಿಗೆ ಬಂದ ಎನ್‌ಪಿ 208 ಟ್ರಾನ್ಸ್‌ಫರ್ ಕೇಸನ್ನು ಇಳಿಸಿ, ಅದಕ್ಕಿಂತ ಹಿಂದಿನ ಪೀಳಿಗೆಯ ಎನ್‌ಪಿ 205 ಅನ್ನು ಕೂರಿಸಿ ಹಲವು ವರ್ಷಗಳಾದವು. ಈ ಅವಧಿಯಲ್ಲಿ ಗಾಡಿ ಭಾರದ ಟ್ರೇಲರ್‌ಗಳನ್ನು ಎಳೆದಿದೆ, ಕೆಸರು ಮತ್ತು ಕಲ್ಲುದಾರಿಗಳಲ್ಲಿ ಓಡಿದೆ, ದೀರ್ಘ ಹೆದ್ದಾರಿ ಪ್ರಯಾಣಗಳನ್ನೂ ಮಾಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: 205ರ ಗಟ್ಟಿತನದಲ್ಲಿ ನನಗೆ ಪೂರ್ಣ ವಿಶ್ವಾಸವಿದೆ, ಆದರೆ ಈ ಕೆಲಸಕ್ಕೆ ಕೈ ಹಾಕುವವರು ಲೆಕ್ಕ ಹಾಕಬೇಕಾದದ್ದು ಕೇಸಿನ ಸುತ್ತ ಬದಲಾಗುವ ಭಾಗಗಳನ್ನು ಮತ್ತು ಲೋ ರೇಂಜ್‌ನಲ್ಲಿ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರ್‌ನಲ್ಲಿ) ಬಿಟ್ಟುಕೊಡಬೇಕಾದ ಬಲವನ್ನು.

ಎರಡೂ ಕೇಸ್‌ಗಳು ನ್ಯೂ ಪ್ರೋಸೆಸ್ ಗೇರ್ ಸಂಸ್ಥೆಯವೇ ಆದರೂ ಒಳಗಿನ ಕಲ್ಪನೆ ಪೂರ್ತಿ ಬೇರೆ. 205ರ ಹೊರಕವಚ ಎರಕದ ಕಬ್ಬಿಣದ್ದು. ಶಕ್ತಿ ಮುಂದಿನ ಆಕ್ಸಲ್‌ಗೆ ಹೋಗುವುದು ಒಂದಕ್ಕೊಂದು ಕಚ್ಚಿಕೊಂಡಿರುವ ಗೇರ್‌ಗಳ ಮೂಲಕ, ನಡುವೆ ಟೇಪರ್ ರೋಲರ್ ಬೇರಿಂಗ್‌ಗಳ ಮೇಲೆ ತಿರುಗುವ ಒಂದು ಐಡ್ಲರ್ ಗೇರ್ ಇದೆ. ಆಯಿಲ್ ಪಂಪ್ ಇಲ್ಲ. ತಿರುಗುವ ಗೇರ್‌ಗಳೇ ಎಣ್ಣೆಯನ್ನು ಎರಚಿ ಎಲ್ಲೆಡೆ ತಲುಪಿಸುತ್ತವೆ. 1970ರ ದಶಕದಲ್ಲಿ ಜಿಎಂ (ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್), ಫೋರ್ಡ್, ಡಾಡ್ಜ್ ಮೂರೂ ತಮ್ಮ ಪಿಕಪ್‌ಗಳಲ್ಲಿ ಇದನ್ನು ಬಳಸಿದವು. ಇಂಧನ ಉಳಿತಾಯದ ಒತ್ತಡ ಹೆಚ್ಚಿದ ಮೇಲೆ ಬಂದ 208ರದ್ದು ಅಲ್ಯೂಮಿನಿಯಂ ಕವಚ. ಅದರಲ್ಲಿ ಮುಂದಿನ ಔಟ್‌ಪುಟ್‌ಗೆ ಶಕ್ತಿ ಸಾಗಿಸುವುದು ಚೈನ್, ಲೋ ರೇಂಜ್ ಸಿಗುವುದು ನಡುವಿನ ಗೇರಿನ ಸುತ್ತ ತಿರುಗುವ ಪ್ಲಾನೆಟರಿ ಗೇರ್‌ಗಳಿಂದ, ಎಣ್ಣೆ ತಲುಪಿಸುವುದು ಒಳಗಿನ ಪಂಪ್. ಇಷ್ಟಾದರೂ ಒಂದು ಟನ್ ವರ್ಗದ ಕೆ-30 ಗಾಡಿಗಳಲ್ಲಿ ಜಿಎಂ 205 ಅನ್ನೇ ಮುಂದುವರಿಸಿತು ಎಂಬುದು, ಭಾರದ ಕೆಲಸಕ್ಕೆ ಯಾವುದು ಒಗ್ಗುತ್ತದೆ ಎಂಬುದರ ಬಗ್ಗೆ ನನಗೆ ಸಿಕ್ಕ ಮೊದಲ ಸೂಚನೆ.

ನನ್ನ ಗಾಡಿಯ ಹಳೆಯ ಕೇಸ್ ವಯಸ್ಸಾಗಿ ಸವೆದಿತ್ತು, ಇದನ್ನು ತಯಾರಿಕೆಯ ದೋಷವೆಂದು ನಾನು ಹೇಳುವುದಿಲ್ಲ. ದಶಕಗಳ ಕಾಲ ಭಾರ ಎಳೆದ ಚೈನ್ ಹಿಗ್ಗುತ್ತದೆ. ಹಿಗ್ಗಿದ ಚೈನ್ ಲೋ ರೇಂಜ್‌ನಲ್ಲಿ ಬಲ ಬಿದ್ದಾಗ ಹಲ್ಲು ಹಾರಿಸುತ್ತದೆ, ಆಗ ನೆಲದಡಿಯಿಂದ ಕಟಕಟ ಎಂಬ ಶಬ್ದ ಬರುತ್ತದೆ. ಗೇರ್ ಬದಲಿಸುವ ಫೋರ್ಕ್‌ಗಳ ತುದಿಯಲ್ಲಿರುವ ನೈಲಾನ್ ಪ್ಯಾಡ್‌ಗಳು ಸವೆದರೆ ಹಾಕಿದ ರೇಂಜ್ ಸರಿಯಾಗಿ ನಿಲ್ಲದೆ ಜಾರುತ್ತದೆ. ಹೊಸ ಚೈನ್, ಪ್ಯಾಡ್, ಬೇರಿಂಗ್ ಮತ್ತು ಸೀಲ್ ಹಾಕಿದರೆ 208 ಮತ್ತೆ ಚೆನ್ನಾಗಿಯೇ ನಡೆಯುತ್ತದೆ, ಹಗುರ ಬಳಕೆಯ ಗಾಡಿಗೆ ಅದೇ ಸರಿಯಾದ ದಾರಿ. ನನಗೆ ಬೇಕಿದ್ದದ್ದು ಚೈನ್‌ನ ಚಿಂತೆಯೇ ಇಲ್ಲದ ಕೇಸ್.

205 ಹುಡುಕುವಾಗ ಬಹಳ ಜನ ಕೇಸನ್ನು ಮಾತ್ರ ನೋಡುತ್ತಾರೆ. ನೋಡಬೇಕಾದದ್ದು ಗೇರ್ ಬಾಕ್ಸ್‌ಗೂ ಕೇಸಿಗೂ ನಡುವಿನ ಜೋಡಣೆಯನ್ನು. ಗೇರ್ ಬಾಕ್ಸ್‌ನ ಔಟ್‌ಪುಟ್ ಶಾಫ್ಟ್‌ನ ಸ್ಪ್ಲೈನ್‌ಗಳ (ಶಾಫ್ಟ್ ಮೇಲಿನ ಉದ್ದುದ್ದದ ಹಲ್ಲುಗಳ) ಸಂಖ್ಯೆ ಕೇಸಿನ ಇನ್‌ಪುಟ್ ಗೇರ್‌ಗೆ ಹೊಂದಬೇಕು, ಜಿಎಂ ಗಾಡಿಗಳಲ್ಲೇ 10, 27 ಮತ್ತು 32 ಸ್ಪ್ಲೈನ್‌ಗಳ 205ಗಳು ಸಿಗುತ್ತವೆ. ಕೇಸಿನ ಮುಂಭಾಗದ ಬೋಲ್ಟ್ ವಿನ್ಯಾಸದಲ್ಲೂ ಎರಡು ಬಗೆ ಇವೆ, ಒಂದು ದುಂಡಗಿನದು, ಇನ್ನೊಂದು ಇಂಗ್ಲಿಷಿನ ಎಂಟರ ಆಕಾರದ್ದು. ಒಂದರ ಅಡಾಪ್ಟರ್ (ಗೇರ್ ಬಾಕ್ಸನ್ನೂ ಕೇಸನ್ನೂ ಜೋಡಿಸುವ ಭಾಗ) ಇನ್ನೊಂದಕ್ಕೆ ಕೂರುವುದಿಲ್ಲ. ಮುಂದಿನ ಔಟ್‌ಪುಟ್ ಯಾವ ಬದಿಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ. 1973ರಿಂದ 1987ರವರೆಗಿನ ಜಿಎಂ ಪಿಕಪ್‌ಗಳಲ್ಲಿ ಮುಂದಿನ ಡಿಫರೆನ್ಷಿಯಲ್ ಬಲಬದಿಯಲ್ಲಿರುವುದರಿಂದ ಕೇಸಿನ ಔಟ್‌ಪುಟ್ ಕೂಡ ಬಲಕ್ಕೇ ಇರಬೇಕು. ಈ ಕಾರಣಕ್ಕೆ ಕೇಸ್, ಅಡಾಪ್ಟರ್, ಅದರೊಳಗಿನ ಬೇರಿಂಗ್, ಶಿಫ್ಟ್ ಲಿವರ್ ಮತ್ತು ಕೊಂಡಿಗಳು, ಶಾಫ್ಟ್‌ಗಳನ್ನು ಜೋಡಿಸುವ ಕವಲಿನಂಥ ಯೋಕ್‌ಗಳು ಎಲ್ಲವನ್ನೂ ಒಂದೇ ಗಾಡಿಯಿಂದ ಇಳಿಸಿದ ಒಂದು ಕಟ್ಟಾಗಿ ತೆಗೆದುಕೊಳ್ಳುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ. ಬಿಡಿಬಿಡಿಯಾಗಿ ಕೂಡಿಸಿದ ಭಾಗಗಳಲ್ಲಿ ಕೊನೆಗೆ ಹೊಂದದೆ ಉಳಿಯುವ ಒಂದೇ ಒಂದು ಭಾಗ ಇಡೀ ಗಾಡಿಯನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ವಾರಗಟ್ಟಲೆ ನಿಲ್ಲಿಸಬಲ್ಲದು.

ಕೇಸಿನಿಂದ ಗೇರ್ ಬಾಕ್ಸ್ ಕಡೆಗೆ ಹೋಗುವ ಆಧಾರದ ಬ್ರಾಕೆಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನೋಡಲು ಅದು ಅನಗತ್ಯವೆನಿಸುವ ಲೋಹದ ಪಟ್ಟಿ, ಹಳೆಯ ಗಾಡಿಗಳಲ್ಲಿ ಯಾರೋ ಬಿಚ್ಚಿ ಮರಳಿ ಹಾಕದೆ ಬಿಟ್ಟಿರುತ್ತಾರೆ. 60 ಕಿಲೋಗ್ರಾಂಗೂ ಮಿಕ್ಕಿದ ಕಬ್ಬಿಣ ಗೇರ್ ಬಾಕ್ಸ್‌ನ ಹಿಂದೆ ತೂಗಾಡುತ್ತಿರುವಾಗ, ಆ ತೂಕದ ತಿರುಚು ಪೂರ್ತಿಯಾಗಿ ಅಡಾಪ್ಟರ್ ಮೇಲೆ ಬೀಳದಂತೆ ತಡೆಯುವುದು ಅದೇ ಪಟ್ಟಿ. ಅದಿಲ್ಲದೆ ಈ ಕೇಸನ್ನು ಓಡಿಸಬಾರದು. ಕೇಸನ್ನು ಎತ್ತಿ ಕೂರಿಸಲು ಟ್ರಾನ್ಸ್‌ಮಿಷನ್ ಜಾಕ್ ಬೇಕೇ ಬೇಕು. ಎದೆಯ ಮೇಲಿಟ್ಟು ಕೈಯಿಂದ ಎತ್ತುವ ಪ್ರಯತ್ನ ಅಪಾಯಕಾರಿ.

ಕೇಸಿನಿಂದ ಆಕ್ಸಲ್‌ಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳ ವಿಷಯದಲ್ಲಿ ಕೆಲಸ ಹೆಚ್ಚಿದೆ. 208ರ ಹಿಂಬದಿಯಲ್ಲಿ ಶಾಫ್ಟ್‌ನ ಸ್ಲಿಪ್ ಯೋಕ್ ನೇರವಾಗಿ ಕೇಸಿನೊಳಗೆ ಜಾರುತ್ತಿತ್ತು. ನಾನು ಹಾಕಿದ 205ರಲ್ಲಿ ಹಿಂದಿನ ಯೋಕ್ ನಟ್‌ನಿಂದ ಬಿಗಿದ ಸ್ಥಿರವಾದದ್ದು. ಹಾಗಾಗಿ ಸಸ್ಪೆನ್ಷನ್ ಏರಿಳಿದಾಗ ಬೇಕಾಗುವ ಜಾರುವಿಕೆ ಶಾಫ್ಟ್‌ನ ಒಳಗೇ ಇರಬೇಕಾಗುತ್ತದೆ. ಎರಡೂ ಕೇಸ್‌ಗಳ ಉದ್ದ ಬೇರೆಯಾದ್ದರಿಂದ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳೆರಡನ್ನೂ ಹೊಸ ಅಳತೆಗೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಅಳತೆ ತೆಗೆಯಬೇಕಾದದ್ದು ಗಾಡಿ ತನ್ನ ಚಕ್ರಗಳ ಮೇಲೆ ನಿಂತು, ಸ್ಪ್ರಿಂಗ್‌ಗಳ ಮೇಲೆ ಸಹಜ ಭಾರವಿರುವಾಗ ಮಾತ್ರ. ಗೇರ್ ಬಾಕ್ಸ್ ಮತ್ತು ಕೇಸನ್ನು ಕೆಳಗಿನಿಂದ ಹೊರುವ ಅಡ್ಡತೊಲೆಯಾದ ಕ್ರಾಸ್ ಮೆಂಬರ್‌ನ ಸ್ಥಾನ ಬದಲಾದಾಗ ಕೇಸಿನ ಓರೆಯೂ ಬದಲಾಗುತ್ತದೆ. ಎರಡೂ ತುದಿಗಳ ಯೂನಿವರ್ಸಲ್ ಜಾಯಿಂಟ್‌ಗಳ ಕೋನ ಸಮನಾಗಿರಬೇಕು, ಯೋಕ್‌ಗಳು ಒಂದೇ ನೇರದಲ್ಲಿರಬೇಕು, ಇಲ್ಲವಾದರೆ ಹೆದ್ದಾರಿಯ ವೇಗದಲ್ಲಿ ಕಂಪನ ಕಾಣಿಸಿಕೊಂಡು ಜಾಯಿಂಟ್‌ಗಳು ಬೇಗ ಸವೆಯುತ್ತವೆ. ಸ್ಥಿರ ಯೋಕ್‌ನಿಂದ ದೊಡ್ಡ ಅನುಕೂಲವೂ ಒಂದಿದೆ. ದಾರಿಯಲ್ಲಿ ಹಿಂದಿನ ಶಾಫ್ಟ್ ಕೆಟ್ಟರೆ ಅದನ್ನು ಬಿಚ್ಚಿಟ್ಟು, ಹಬ್ ಲಾಕ್ ಮಾಡಿ, ಮುಂದಿನ ಚಕ್ರಗಳ ಬಲದಲ್ಲೇ ಮನೆ ಸೇರಬಹುದು. ಕೇಸಿನಿಂದ ಎಣ್ಣೆ ಸುರಿಯುವುದಿಲ್ಲ. ಸ್ಪೀಡೋಮೀಟರ್ ಕೇಬಲ್‌ನ ಗೇರನ್ನು ಹೊಂದಿಸುವುದು ಸಣ್ಣ ಕೆಲಸ.

ಓಡಿಸುವಾಗ ಮೊದಲು ಗಮನಕ್ಕೆ ಬರುವುದು ಧ್ವನಿ. ಗೇರ್‌ಗಳು ಸದಾ ಕಚ್ಚಿಕೊಂಡೇ ಇರುವುದರಿಂದ ಟೂ-ವೀಲ್ ಡ್ರೈವ್‌ನಲ್ಲೂ ಐಡ್ಲರ್ ತಿರುಗುತ್ತಲೇ ಇರುತ್ತದೆ, ಒಂದು ಮೆಲುವಾದ ಕೊರೆತ ಕ್ಯಾಬಿನ್‌ನೊಳಗೆ ಕೇಳಿಸುತ್ತದೆ. ಫೋರ್-ವೀಲ್‌ನಲ್ಲಿ ಅದು ಸ್ಪಷ್ಟವಾಗಿ ಹೆಚ್ಚುತ್ತದೆ. ನನಗದು ಒಗ್ಗಿಹೋಗಿದೆ, ಜೊತೆಗೆ ಕುಳಿತವರು ಮಾತ್ರ ಪ್ರತಿಸಲ ಕೇಳುತ್ತಾರೆ. ಲಿವರ್ ಕೂಡ 208ರಷ್ಟು ನಯವಲ್ಲ. 205ರಲ್ಲಿ ಗೇರ್‌ಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ಇಲ್ಲದ ಕಾರಣ ಲೋ ರೇಂಜ್‌ಗೆ ಹೋಗುವ ಮುನ್ನ ಗಾಡಿಯನ್ನು ನಿಲ್ಲಿಸಬೇಕು. ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಪಾರ್ಟ್-ಟೈಮ್ ಕೇಸ್ ಆದ್ದರಿಂದ, ಒಣ ಗಟ್ಟಿ ರಸ್ತೆಯಲ್ಲಿ ಫೋರ್-ವೀಲ್ ಹಾಕಿ ತಿರುವು ತೆಗೆದುಕೊಂಡರೆ ಶಾಫ್ಟ್‌ಗಳು ತಿರುಚಿಕೊಂಡು ಬಿಗಿಯುತ್ತವೆ; ಈ ನಿಯಮ 208ಕ್ಕೂ ಅನ್ವಯವಾಗುತ್ತದೆ. ಬಲದ ವಿಷಯದಲ್ಲಿ ಹೇಳಲು ಬಹಳವಿಲ್ಲ: ಭಾರ ಎಷ್ಟೇ ಇರಲಿ, ಹಾಕಿದ ರೇಂಜ್ ಈವರೆಗೆ ಜಾರಿಲ್ಲ, ಒಳಗಿನ ಯಾವ ಭಾಗವನ್ನೂ ಬದಲಿಸಬೇಕಾಗಿ ಬಂದಿಲ್ಲ.

ನಿಜವಾದ ನಷ್ಟವಾದದ್ದು ಲೋ ರೇಂಜ್‌ನಲ್ಲಿ. 208ರ ಲೋ ಅನುಪಾತ 2.61, 205ರದ್ದು 1.96. ಎಸ್‌ಎಂ 465ರ ಮೊದಲ ಗೇರ್ 6.55 ಆಗಿರುವುದರಿಂದ, ನನ್ನ ಆಕ್ಸಲ್ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು ಇಳಿಕೆ (ಚಕ್ರದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಸುಮಾರು 64ರಿಂದ 48ಕ್ಕೆ ಕುಸಿಯಿತು. ಕೆಸರು, ಮರಳು ಮತ್ತು ಟ್ರೇಲರ್ ಕೆಲಸಗಳಲ್ಲಿ ಈ ವ್ಯತ್ಯಾಸ ನನಗೆ ತೊಡಕಾಗಿಲ್ಲ. ಲೋ ರೇಂಜ್‌ನ ಎರಡನೆಯ ಮತ್ತು ಮೂರನೆಯ ಗೇರ್‌ಗಳು ಈಗ ಹೆಚ್ಚು ಉಪಯುಕ್ತವಾಗಿವೆ ಎಂದೇ ಹೇಳಬೇಕು. ಆದರೆ ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಎಂಜಿನ್‌ನ ಹಿಡಿತದಲ್ಲೇ ಇಳಿಯುತ್ತಿದ್ದ ಗಾಡಿಗೆ ಈಗ ಬ್ರೇಕ್ ಒತ್ತಬೇಕಾಗುತ್ತದೆ, ಬಂಡೆ ಏರುವಾಗ ಕ್ಲಚ್ ಅನ್ನು ಅರ್ಧದಲ್ಲಿ ಹಿಡಿಯಬೇಕಾಗುತ್ತದೆ. ಮೊದಲ ಗೇರ್ ಇಷ್ಟು ಆಳವಿಲ್ಲದ ಗೇರ್ ಬಾಕ್ಸ್ ಉಳ್ಳವರಿಗೆ ಈ ಕೊರತೆ ಇನ್ನೂ ತೀವ್ರವಾಗಿ ತಟ್ಟುತ್ತದೆ.

ನಿರ್ವಹಣೆ ಸರಳ. 208 ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ ಬೇಡುತ್ತಿತ್ತು. ಇದರಲ್ಲಿ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕುತ್ತೇನೆ, ಸುಮಾರು ಎರಡೂವರೆ ಲೀಟರ್ ಹಿಡಿಯುತ್ತದೆ, ಫಿಲ್ ಪ್ಲಗ್‌ನ ಅಂಚಿಗೆ ಬಂದರೆ ಮಟ್ಟ ಸರಿ. ಕಾಡುವುದು ಎಣ್ಣೆಯ ಜಿನುಗು. ರೇಂಜ್ ಬದಲಿಸುವ ಶಿಫ್ಟ್ ರೇಲ್ ಎಂಬ ಸರಳುಗಳ ಬಳಿ ಮತ್ತು ಯೋಕ್‌ಗಳ ಸೀಲ್‌ಗಳಲ್ಲಿ ಅದು ನಿಧಾನವಾಗಿ ಮರಳಿ ಬರುತ್ತದೆ. ಯೋಕ್ ಮೇಲೆ ಹಳೆಯ ಸೀಲ್ ಕೊರೆದ ಗೀರು ಇದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ನಿಲ್ಲದು. ಗೀರಿನ ಮೇಲೆ ತೆಳ್ಳನೆಯ ರಿಪೇರಿ ಸ್ಲೀವ್ ಕೂರಿಸಿದ ಮೇಲೆ ನನ್ನ ಹಿಂದಿನ ಯೋಕ್ ಒಣಗಿದೆ. ಶಿಫ್ಟ್ ರೇಲ್ ಸೀಲ್ ಹಳತಾದರೆ ಎಣ್ಣೆ ಹೊರಗೆ ಬರುವಂತೆ ನೀರು ಒಳಗೆ ಹೋಗುತ್ತದೆ, ಆದ್ದರಿಂದ ಆಳದ ನೀರು ದಾಟಿದ ಮೇಲೆ ಡ್ರೇನ್ ಪ್ಲಗ್ ಬಿಚ್ಚಿ ಎಣ್ಣೆಯ ಬಣ್ಣ ನೋಡುವುದು ಒಳ್ಳೆಯದು. ಹಾಲು ಬೆರೆಸಿದಂತೆ ಕಂಡರೆ ಪೂರ್ತಿ ಬದಲಿಸಬೇಕು.

ಲೋ ರೇಂಜ್ ಕೊರತೆಗೆ ತಿಳಿದವರು ಅನುಸರಿಸುವ ಪರಿಹಾರವೊಂದಿದೆ. 1970ರ ದಶಕದ ಫುಲ್-ಟೈಮ್ (ನಾಲ್ಕೂ ಚಕ್ರಗಳಿಗೆ ಸದಾ ಬಲ ಕೊಡುವ) ಕೇಸ್ ಆಗಿದ್ದ ಎನ್‌ಪಿ 203ರ ಮುಂಭಾಗದ ರೇಂಜ್ ಬಾಕ್ಸನ್ನು ಬೇರ್ಪಡಿಸಿ, ಅಡಾಪ್ಟರ್ ಮೂಲಕ 205ರ ಮುಂದೆ ಜೋಡಿಸಿದರೆ, ಅದರ ಸುಮಾರು 2ರ ಅನುಪಾತ 205ರ 1.96ರೊಂದಿಗೆ ಗುಣಿಸಿ 4ರ ಹತ್ತಿರ ಬರುತ್ತದೆ. ನನ್ನ ಗಾಡಿಯ ಲೆಕ್ಕದಲ್ಲಿ ಒಟ್ಟು ಇಳಿಕೆ 95 ದಾಟುತ್ತದೆ. ಆದರೆ ಇಡೀ ಜೋಡಣೆ ಉದ್ದವಾಗಿ ಹಿಂದಿನ ಶಾಫ್ಟ್ ಗಿಡ್ಡವಾಗುತ್ತದೆ, ಕ್ರಾಸ್ ಮೆಂಬರ್ ಮತ್ತೆ ಸರಿಯಬೇಕು, ತೂಕವೂ ಏರುತ್ತದೆ. ಉದ್ದದ ವೀಲ್‌ಬೇಸ್ ಇರುವ ಪಿಕಪ್‌ಗೆ ಶಾಫ್ಟ್ ಗಿಡ್ಡವಾಗುವುದು ದೊಡ್ಡ ತೊಂದರೆಯಲ್ಲ. ನನ್ನ ಕೆಲಸದಲ್ಲಿ ಬಂಡೆ ಏರುವ ಸಂದರ್ಭ ಕಡಿಮೆಯಾದ್ದರಿಂದ ಸದ್ಯಕ್ಕೆ 205 ಒಂದನ್ನೇ ಇಟ್ಟುಕೊಂಡಿದ್ದೇನೆ.