ಸೀಜ್ ಆದ ಯೆಜ್ಡಿಗೆ ತುಮಕೂರಿನ ಲೇತ್ ಶಾಪ್: ಬೋರಿಂಗ್‌ಗೆ ಕೊಡಿ, ಜೋಡಣೆಗೆ ಬೇಡ

ಗುಬ್ಬಿ ಗೇಟ್ ಕಡೆಯ ಈ ಲೇತ್ ಶಾಪಿಗೆ ಬರುವುದು ಹೆಚ್ಚಾಗಿ ಟ್ರ್ಯಾಕ್ಟರ್, ಲಾರಿಗಳ ಕೆಲಸ. ಹಳೇ ಟೂ ಸ್ಟ್ರೋಕ್ ಬೈಕುಗಳಾದ ಯೆಜ್ಡಿ, ಜಾವಾದ ಸಿಲಿಂಡರ್ ಕೊಟ್ಟರೂ ಬೇಡ ಅನ್ನುವುದಿಲ್ಲ. ಸೀಜ್ ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು ಇಂಜಿನ್ ನಿಂತುಬಿಡುವುದು. ಐದಕ್ಕೆ ಅಂಕ ಕೊಡುವುದಾದರೆ ಬೋರಿಂಗಿಗೆ (ಸಿಲಿಂಡರಿನ ಒಳಗೋಡೆ ಕೊರೆದು ಅಗಲಿಸುವುದು) ನಾಲ್ಕೂವರೆ, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತಕ್ಕೆ ತಿರುಗುವ ದಂಡ) ಕೆಲಸಕ್ಕೆ ನಾಲ್ಕು, ಇಂಜಿನ್ ಜೋಡಣೆಗೆ ಎರಡು.

ಇಂಜಿನ್ನೇ ಬದಲಾಯಿಸಿಬಿಡಿ ಅನ್ನುವವರ ಮಾತು ಕೇಳಬೇಡಿ. ಈ ಬೈಕುಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಬಾಗಿಲು ಮುಚ್ಚಿತು. ಗುಜರಿಯಲ್ಲಿ ಸಿಗುವ ಇಂಜಿನ್ನಿಗೂ ನಿಮ್ಮದರಷ್ಟೇ ವಯಸ್ಸು. ಮೇಲಾಗಿ ಇಂಜಿನ್ ನಂಬರ್ ಬದಲಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು.

ಬೋರಿಂಗಿನ ವಿಷಯಕ್ಕೆ ಬರೋಣ. ಪಿಸ್ಟನ್ ಕೈಗೆ ಬರುವ ಮೊದಲು ಸಿಲಿಂಡರ್ ಮುಟ್ಟುವುದೇ ಇಲ್ಲ ಅನ್ನುತ್ತಾರೆ ಇಲ್ಲಿನ ಹಿರಿಯ ಮಿಸ್ತ್ರಿ. ಅದೇ ಸರಿ. 250 ಸಿಸಿ ಗಾಡಿಯ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ. ಡಬ್ಬಿಯ ಮೇಲೆ 0.50 ಓವರ್‌ಸೈಜ್ (ಮೂಲಕ್ಕಿಂತ ಅರ್ಧ ಮಿ.ಮೀ. ದೊಡ್ಡದು) ಅಂತಿದ್ದರೂ ಈಗಿನ ನಕಲಿ ಪಿಸ್ಟನ್‌ಗಳು ಒಂದೊಂದು ಒಂದೊಂದು ಅಳತೆ. ಪಿಸ್ಟನ್ನಿನ ಸ್ಕರ್ಟ್, ಅಂದರೆ ಕೆಳಗಿನ ಸುತ್ತುಗೋಡೆಯ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು, ಬಂದ ಅಳತೆಗೆ ಬೋರ್ ಮಾಡುತ್ತಾರೆ. ಒಂದು ಮಾತು ಮಾತ್ರ ನೀವೇ ಹೇಳಬೇಕು: ಕ್ಲಿಯರೆನ್ಸ್, ಅಂದರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು, 0.07 ಮಿ.ಮೀ. ಆಸುಪಾಸು ಇರಲಿ. ಫೋರ್ ಸ್ಟ್ರೋಕ್ ಅಭ್ಯಾಸದಲ್ಲಿ 0.04 ಬಿಟ್ಟರೆ ಬಿಸಿಯೇರಿದ ಕೂಡಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೋನಿಂಗ್ (ಗೋಡೆಯನ್ನು ಉಜ್ಜಿ ನಯ ಮಾಡುವುದು) ಆದಮೇಲೆ ಪೋರ್ಟ್‌ಗಳ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ, ಅಂಚಿನ ಚೂಪು ತೆಗೆಸಿ, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ರಿಂಗನ್ನು ಬೋರಿನೊಳಗೆ ಇಳಿಸಿ ಫೀಲರ್ ಗೇಜ್ ಹಾಕಿದರೆ ತುದಿಗಳ ನಡುವೆ 0.25 ಮಿ.ಮೀ.ನಷ್ಟು ಸಂದು ಬರಬೇಕು.

ಬೋರ್ 66 ಮಿ.ಮೀ. ದಾಟಿದ್ದರೆ ಒಳಗೆ ಸ್ಲೀವ್ (ಹೊಸ ಕೊಳವೆ) ಹಾಕುತ್ತಾರೆ. ಇಲ್ಲಿ ಎಚ್ಚರ ಬೇಕು, ಪೋರ್ಟ್‌ಗಳನ್ನು ಕೈಯಲ್ಲೇ ಕೊರೆಯುತ್ತಾರೆ. ಸಿಲಿಂಡರ್ ಕೊಡುವ ಮುಂಚೆ ಒಳಗೆ ಕಾಗದ ಸುತ್ತಿ, ಬೆರಳಿನಿಂದ ಉಜ್ಜಿ ಪೋರ್ಟ್‌ಗಳ ಗುರುತು ತೆಗೆದಿಡಿ. ಎತ್ತರ ಒಂದೆರಡು ಮಿ.ಮೀ. ಆಚೀಚೆಯಾದರೂ ಗಾಡಿಯ ಎಳೆತ ಬದಲಾಗುತ್ತದೆ.

ಕ್ರ್ಯಾಂಕನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಚ್ಚಿ ಹೊಸ ರಾಡ್ ಕಿಟ್ (ಪಿಸ್ಟನ್ನಿಗೂ ಕ್ರ್ಯಾಂಕಿಗೂ ಕೊಂಡಿಯಾಗುವ ದಂಡ) ಕೂರಿಸುತ್ತಾರೆ. ಡಯಲ್ ಗೇಜಿನಲ್ಲಿ ತಿರುಗಿಸಿ ತೋರಿಸಿ ಅನ್ನಿ, ತಿರುಗುವಾಗಿನ ಓಲಾಟ (ರನ್‌ಔಟ್) 0.03 ಮಿ.ಮೀ. ಒಳಗಿರಲಿ. ಸಂಕೋಚ ಬೇಡ, ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಜೋಡಣೆಗೆ ಎರಡೇ ಅಂಕ ಯಾಕೆಂದರೆ, ಪಿಸ್ಟನ್ ಯಾಕೆ ಹಿಡಿಯಿತು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಹಳೇ ಪಿಸ್ಟನ್ನೇ ಅದನ್ನು ಹೇಳುತ್ತದೆ. ನಾಲ್ಕು ಮೂಲೆಯಲ್ಲೂ ಗೀರಿದ್ದರೆ ಕ್ಲಿಯರೆನ್ಸ್ ಬಿಗಿ, ಅಥವಾ ತಣ್ಣಗಿದ್ದಾಗಲೇ ಎಳೆದದ್ದು. ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಆಯಿಲ್ ಕೊರತೆ ಅಥವಾ ಪೆಟ್ರೋಲ್ ಸಾಲದ್ದು. ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದಿದ್ದರೆ ಕಿಡಿ ಹಾರುವ ಟೈಮಿಂಗ್ ಮುಂದಾಗಿದೆ, ಇಲ್ಲವೇ ಗಾಳಿ ಸೋರುತ್ತಿದೆ. ಸೋರುವುದು ಹೆಚ್ಚಾಗಿ ಕ್ರ್ಯಾಂಕ್ ಆಯಿಲ್ ಸೀಲಿನಲ್ಲಿ. ಡೈನಮೋ ಕಡೆಯ ಸೀಲ್ ಹೋದರೆ ಒಳಗೆ ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಉಗುಳುತ್ತದೆ. ಈ ಶಾಪಿನಲ್ಲಿ ಹಳೇ ಸೀಲನ್ನೇ ಒರೆಸಿ ಹಾಕುವ ಚಾಳಿಯಿದೆ. ಎರಡೂ ಸೀಲ್, ಸಿ3 (ಒಳಸಡಿಲ ಸ್ವಲ್ಪ ಹೆಚ್ಚಿರುವ) ಬೇರಿಂಗ್, ಗ್ಯಾಸ್ಕೆಟ್ ಸೆಟ್ ಹೊಸದು ತಂದು ಟೂ ಸ್ಟ್ರೋಕ್ ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಜೋಡಿಸಿ. ಆಮೇಲೆ ಎಕ್ಸಾಸ್ಟ್, ಕಾರ್ಬ್ಯುರೇಟರ್ ಬಾಯಿ ಮುಚ್ಚಿ ಸೈಕಲ್ ಪಂಪಿನಿಂದ 6 ಪಿಎಸ್‌ಐ ಗಾಳಿ ಹಾಕಿ, ಸೋಪಿನ ನೀರು ಬಳಿದು ನೋಡಿ. ಜಾಸ್ತಿ ಹಾಕಿದರೆ ಸೀಲೇ ಎದ್ದು ಬರುತ್ತದೆ.

ತುಕ್ಕು ಹಿಡಿದ ಟ್ಯಾಂಕ್, ಕಟ್ಟಿಕೊಂಡ ಪೆಟ್ರೋಲ್ ಕಾಕ್ ಸರಿಮಾಡದೆ ಹೊಸ ಪಿಸ್ಟನ್ ಹಾಕಿದರೆ ಮತ್ತೆ ಇದೇ ಶಾಪಿಗೆ ಬರಬೇಕು.

ಮೊದಲ 500 ಕಿ.ಮೀ. ಲೀಟರ್ ಪೆಟ್ರೋಲಿಗೆ 50 ಎಂ.ಎಲ್. 2ಟಿ (ಟೂ ಸ್ಟ್ರೋಕ್) ಆಯಿಲ್, ಆಮೇಲೆ 40. ಅದಕ್ಕೂ ಮೇಲೆ ಸುರಿದರೆ ಸೀಜ್ ಆಗಲ್ಲ ಅನ್ನುವುದು ಭ್ರಮೆ. ಆಯಿಲ್ ಹೆಚ್ಚಾದಷ್ಟೂ ಜೆಟ್ಟಿನಲ್ಲಿ ಪೆಟ್ರೋಲ್ ಕಡಿಮೆ ಹೋಗುತ್ತದೆ. ಕ್ಯಾತ್ಸಂದ್ರದವರೆಗೆ ಹೋಗಿ ಬರುತ್ತಿರಿ, ದೇವರಾಯನದುರ್ಗದ ಏರು ಸದ್ಯಕ್ಕೆ ಬೇಡ.

ರೇಟು ವಿಪರೀತವೇನಲ್ಲ. ಆದರೆ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಮೂರಕ್ಕೂ ಬೇರೆಬೇರೆ ಮಾತಾಡಿಕೊಳ್ಳಿ. ಪಿಸ್ಟನ್ ಕಿಟ್ ಇವರ ಹತ್ತಿರ ಇರುವುದಿಲ್ಲ, ಬೆಂಗಳೂರಿನ ಜೆ.ಸಿ. ರೋಡಿನಿಂದ ತಂದುಕೊಡಬೇಕು.