ಎಲ್ಕ್ ಬೇಟೆಗೆ .30-06: ಫೆಡರಲ್ ಪ್ರೀಮಿಯಂ 180 ಗ್ರೇನ್ ಪಾರ್ಟಿಷನ್ ತೋಟೆ, ಹಲವು ಸೀಸನ್‌ಗಳ ಬಳಕೆಯ ನಂತರ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಅಮೆರಿಕದ ಕೊಲೊರಾಡೊ ರಾಜ್ಯದ ಗುಡ್ಡಗಳಲ್ಲಿ .30-06 ಅಳತೆಯ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವ) ರೈಫಲ್ ಹಿಡಿದು 300 ಗಜದೊಳಗೆ ಎಲ್ಕ್‌ಗೆ ಗುರಿಯಿಡುವವರಿಗೆ ನೋಸ್ಲರ್ ಕಂಪನಿಯ 180 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಪಾರ್ಟಿಷನ್ ಗುಂಡು ಕೂರಿಸಿದ ಫೆಡರಲ್ ಪ್ರೀಮಿಯಂ ತೋಟೆ ಧಾರಾಳವಾಗಿ ಸಾಕು. ತಕರಾರು ಎರಡು: ಬೆಲೆ ಮತ್ತು ಸೀಸ. ಬರೀ ಜಿಂಕೆ ಹೊಡೆಯುವವರಿಗೆ ಇದು ದಂಡದ ಖರ್ಚು. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯಾಡುವವರು ಇದನ್ನು ಬಳಸುವಂತೆಯೇ ಇಲ್ಲ. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ.

ಎಲ್ಕ್ ಅಂದರೆ ನಮ್ಮ ಕಡವೆಯ ಬಳಗ. ರಾಕಿ ಪರ್ವತದ ಬಲಿತ ಗಂಡು ಸುಮಾರು 300 ಕೆಜಿ ತೂಗುತ್ತದೆ, ಹೆಣ್ಣು 225ರ ಆಸುಪಾಸು. ಜಿಂಕೆಗೆ ಸಲೀಸಾಗಿ ಸಾಕಾಗುವ ತೆಳು ಹೊದಿಕೆಯ ಗುಂಡು ಇದರ ಭುಜದ ಮೂಳೆಗೆ ಹತ್ತಿರದಿಂದ, ಜೋರು ವೇಗದಲ್ಲಿ ಬಡಿದರೆ ಅಲ್ಲೇ ಒಡೆದು ಹರಡಬಹುದು. ಹೊರಗೆ ನೋಡಿದರೆ ಭಾರೀ ಗಾಯ, ಒಳಗೆ ಶ್ವಾಸಕೋಶ ಹಾಗೇ ಇರುತ್ತದೆ. ಪ್ರಾಣಿ ಎರಡು ಕಣಿವೆ ದಾಟಿ ಹೋಗಿ ನರಳಿ ಸಾಯುತ್ತದೆ. ಜಾನ್ ನೋಸ್ಲರ್ ಕೂಡ 1946ರಲ್ಲಿ ಕೆನಡಾದಲ್ಲಿ ಮೂಸ್ (ಜಿಂಕೆ ಬಳಗದ ಭಾರೀ ಪ್ರಾಣಿ) ಬೇಟೆಯಲ್ಲಿ ಇಂಥದೇ ಅನುಭವವಾದ ಮೇಲೆ ಈ ಗುಂಡಿನ ವಿನ್ಯಾಸಕ್ಕೆ ಕೈ ಹಾಕಿದವರು. 1948ರಲ್ಲಿ ಅವರ ನೋಸ್ಲರ್ ಕಂಪನಿಯೇ ಶುರುವಾಯಿತು.

ಗುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ತಾಮ್ರದ ಹೊದಿಕೆಯ ನಡುವೆ ಅದೇ ತಾಮ್ರದ ಅಡ್ಡಗೋಡೆ, ಹಿಂದೆ ಮುಂದೆ ಎರಡು ಕೋಣೆಗಳಲ್ಲಿ ಸೀಸ. ಮುಂದಿನ ಸೀಸ ಬೇಗ ಅರಳುತ್ತದೆ, ಸ್ವಲ್ಪ ಉದುರಿಯೂ ಹೋಗುತ್ತದೆ. ಗೋಡೆಯ ಹಿಂದಿನದು ಅಲುಗಾಡದೆ ಗುಂಡನ್ನು ಒಳಕ್ಕೆ ತಳ್ಳುತ್ತದೆ. ಪ್ರಾಣಿಯ ಮೈಯಿಂದ ಹೆಕ್ಕಿ ತೂಗಿದರೆ ಮೂಲ ತೂಕದ ಮೂರರಲ್ಲಿ ಎರಡು ಪಾಲು ಉಳಿದಿರುವುದು ಸಾಮಾನ್ಯ. ತೂಕ ಹೋಯಿತು ಎಂದು ಕೆಲವರು ಇದನ್ನೇ ದೋಷವೆಂದು ಎಣಿಸುತ್ತಾರೆ. ನನ್ನ ಮಟ್ಟಿಗೆ ಗುಂಡಿನ ಗುಣವೇ ಅದು: ದೂರದಲ್ಲಿ ವೇಗ ಇಳಿದಾಗಲೂ ಮೂತಿ ಅರಳುತ್ತದೆ, ಹತ್ತಿರದಲ್ಲಿ ಮೂಳೆಗೆ ತಾಗಿದರೂ ಹಿಂಭಾಗ ಮುಂದೆ ಸಾಗುತ್ತದೆ.

ಈಗ ಲೆಕ್ಕ. ಡಬ್ಬಿಯ ಮೇಲೆ ಬರೆದಿರುವ ಗುಂಡಿನ ವೇಗ ಸೆಕೆಂಡಿಗೆ 2700 ಅಡಿ. ಅದು 24 ಇಂಚಿನ ಟೆಸ್ಟ್ ನಳಿಗೆಯದು. ಅಂಗಡಿಯ ಬಹುಪಾಲು ರೈಫಲ್‌ಗಳ ನಳಿಗೆ 22 ಇಂಚು. ಇಂಚಿಗೆ 20ರಿಂದ 30 ಅಡಿ ಕಳೆಯಿರಿ. ಸ್ಕೋಪ್‌ನ ಆ್ಯಪ್‌ಗೆ ಡಬ್ಬಿಯ ಅಂಕಿ ತುಂಬಿಸಿ 400 ಗಜಕ್ಕೆ ಡಯಲ್ ತಿರುಗಿಸಿದರೆ ಗುಂಡು ಕೆಳಗೆ ಬೀಳುವುದು ಇದರಿಂದಲೇ. 100 ಗಜದಲ್ಲಿ ಸುಮಾರು 2 ಇಂಚು ಮೇಲೆ ಬೀಳುವಂತೆ ಕೂರಿಸಿದರೆ 200ಕ್ಕೆ ಝೀರೋ ಆಗುತ್ತದೆ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುತ್ತದೆ. 300ರಲ್ಲಿ ಎಂಟು ಎಂಟೂವರೆ ಇಂಚು ಇಳಿತ, 400ರಲ್ಲಿ ಎರಡು ಅಡಿಯ ಹತ್ತಿರ. ಸಮುದ್ರಮಟ್ಟದ ಊರಲ್ಲಿ ಝೀರೋ ಮಾಡಿ 9000 ಅಡಿ ಎತ್ತರಕ್ಕೆ ಹೋದರೆ ಗಾಳಿ ತೆಳು, ಇಳಿತ ತುಸು ಕಡಿಮೆ. 300 ಗಜದೊಳಗೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಶಕ್ತಿಯ ಬಗ್ಗೆ ಜಗಳವಾಡುವವರು ಕಾನೂನಿನ ಅಂಕಿ ನೋಡಲಿ. ಕೊಲೊರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನಿನ ಅರಳುವ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ (ಗುಂಡಿನ ಹೊಡೆತದ ಶಕ್ತಿಯ ಅಳತೆ) ಇದ್ದರೆ ಆಯಿತು. ಈ ತೋಟೆ ಅಷ್ಟು ದೂರದಲ್ಲಿ 2400 ದಾಟುತ್ತದೆ. ಹಾಗಾಗಿ ಇನ್ನೂ ಜೋರಿನ ಮ್ಯಾಗ್ನಮ್ ರೈಫಲ್ ಕೊಳ್ಳುವ ದುಡ್ಡನ್ನು ಅಭ್ಯಾಸದ ತೋಟೆಗೆ ಹಾಕಿ. .300 ವಿನ್ ಮ್ಯಾಗ್‌ನಂಥ ಮ್ಯಾಗ್ನಮ್‌ನ ಒದೆತಕ್ಕೆ ಕಣ್ಣು ಮುಚ್ಚಿ ಟ್ರಿಗರ್ ಜಗ್ಗುವವನ ಕೈಯಲ್ಲಿ ಆ ಹೆಚ್ಚಿನ ಶಕ್ತಿ ಎದೆಯ ಬದಲು ಪ್ರಾಣಿಯ ಹೊಟ್ಟೆಗೆ ಹೋಗಿ ಸೇರುತ್ತದೆ.

ಸೀಸ ಬೇಡ ಅಂದರೆ ಪೂರ್ತಿ ತಾಮ್ರದ ಗುಂಡು. ಬಾರ್ನ್ಸ್ ವೋರ್-ಟಿಎಕ್ಸ್‌ನ 168 ಗ್ರೇನ್ ಟಿಟಿಎಸ್ಎಕ್ಸ್ ಇದೇ ರೈಫಲ್‌ನಲ್ಲಿ ಪಕ್ಕದಲ್ಲಿಟ್ಟು ಹೋಲಿಸಬೇಕಾದ ತೋಟೆ. ಡಬ್ಬಿಯ ವೇಗ 2800. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೇ ಸೀಸದಲ್ಲಿ 180 ಬಳಸುವವರು ತಾಮ್ರದಲ್ಲಿ 165–168ಕ್ಕೆ ಇಳಿಯುವುದು. ಮೂತಿ ದಳಗಳಾಗಿ ಬಿಚ್ಚಿಕೊಂಡರೂ ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಮಾಂಸ ಹಾಳಾಗುವುದು ಕಡಿಮೆ, ಸೀಸದ ಚೂರು ಮಕ್ಕಳ ತಟ್ಟೆಗೆ ಬರುವ ಭಯವಿಲ್ಲ. ಆದರೆ ತಾಮ್ರಕ್ಕೆ ವೇಗ ಬೇಕು. ಬಡಿಯುವಾಗ ವೇಗ ತೀರಾ ಇಳಿದಿದ್ದರೆ ಅರಳುವುದು ಅನುಮಾನ, ಪೆನ್ಸಿಲ್ ತೂರಿದಂತೆ ಸಣ್ಣ ತೂತು ಮಾಡಿ ಆಚೆ ಹೋಗಬಹುದು. ದೂರದ ಗುರಿಗೆ ಪಾರ್ಟಿಷನ್ ಈ ವಿಷಯದಲ್ಲಿ ಹೆಚ್ಚು ಕ್ಷಮೆಯುಳ್ಳದ್ದು.

ಒಂದು ಎಚ್ಚರಿಕೆ: ಒಂದೇ ದಿನ ಒಂದೇ ನಳಿಗೆಯಲ್ಲಿ ಎರಡನ್ನೂ ಬೆರೆಸಿ ಹೊಡೆದು ಯಾವುದು ನಿಖರ ಎಂದು ತೀರ್ಮಾನಿಸಬೇಡಿ. ಬೇರೆ ಬ್ರ್ಯಾಂಡಿಗೆ ಹೋಗುವ ಮುಂಚೆ ತಾಮ್ರದ ಸಾಲ್ವೆಂಟ್ ಹಾಕಿ, ಪ್ಯಾಚ್ ಮೇಲೆ ನೀಲಿ ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ. ಆಮೇಲೆ ಎರಡು ಈಡು ಸುಮ್ಮನೆ ಹೊಡೆದು ನಳಿಗೆ ಪಳಗಿಸಿ. ನಂತರ ಮೂರು ಮೂರು ಈಡಿನಂತೆ ಮೂರು ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು), ನಡುನಡುವೆ ನಳಿಗೆ ಕೈಗೆ ತಣ್ಣಗೆ ತಾಗುವವರೆಗೆ ಕಾಯುವುದು. 100 ಗಜದಲ್ಲಿ ಗ್ರೂಪಿನ ಹರವು ಒಂದೂವರೆ ಇಂಚು ಬಂದರೆ ಎಲ್ಕ್‌ಗೆ ಸಾಕು. ಒಂದೇ ಒಂದು ಗ್ರೂಪ್ ಅರ್ಧ ಇಂಚು ಬಂತೆಂದು ಫೋಟೊ ತೆಗೆದು ಹಂಚಿಕೊಳ್ಳುವುದು ಗೋಲಿಯಾಟ. ಬೆಟ್ಟದಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆ ನಳಿಗೆಯ ಮೊದಲ ಈಡು. ಅದನ್ನು ಬೇರೆ ಬೇರೆ ದಿನ ಒಂದೇ ಟಾರ್ಗೆಟ್ ಮೇಲೆ ಹೊಡೆದು ಗುರುತು ಮಾಡಿ.

ರೈಫಲ್ ಒಪ್ಪಿತೆಂದರೆ ಅದೇ ಲಾಟ್ ನಂಬರಿನ (ಒಂದೇ ಕಂತಿನಲ್ಲಿ ತಯಾರಾದ) ಐದು ಡಬ್ಬಿ ಒಟ್ಟಿಗೆ ಕೊಳ್ಳಿ. ಡಬ್ಬಿಗೆ 20 ತೋಟೆ. ಲಾಟ್ ಬದಲಾದರೆ ಝೀರೋ ಮತ್ತೆ ನೋಡಲೇಬೇಕು. ವರ್ಷವಿಡೀ ಅಭ್ಯಾಸಕ್ಕೆ 180 ಗ್ರೇನಿನ ಅಗ್ಗದ ಸಾಫ್ಟ್ ಪಾಯಿಂಟ್ (ಸೀಸದ ಮೂತಿಯ ಸಾದಾ ಗುಂಡು) ಸಾಕು. ಸೀಸನ್‌ಗೆ ಎರಡು ವಾರ ಮುಂಚೆ ಮಾತ್ರ ಒಳ್ಳೆಯದನ್ನು ತೆಗೆದು ಝೀರೋ ಖಚಿತಪಡಿಸಿಕೊಳ್ಳಿ.

ದೀರ್ಘ ಬಳಕೆಯಲ್ಲಿ ಕಾಣುವ ತೊಂದರೆಗಳು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಪಾರ್ಟಿಷನ್‌ನ ಮೂತಿ ಬರಿಯ ಸೀಸ. ಮ್ಯಾಗಜಿನ್‌ನ ಕೆಳಗಿನ ತೋಟೆಗಳು ಪ್ರತಿ ಒದೆತಕ್ಕೂ ಮುಂದಿನ ಗೋಡೆಗೆ ಗುದ್ದಿಕೊಂಡು ತುದಿ ಚಪ್ಪಟೆಯಾಗುತ್ತದೆ. ನೋಡಲು ವಿಕಾರ, ಆದರೆ ಬೇಟೆಯ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬೀಳುವುದಿಲ್ಲ. ನಿಜವಾದ ಅಪಾಯ ಬೇರೆ. ದಿನಾ ಬೆಳಗ್ಗೆ ಅದೇ ತೋಟೆಯನ್ನು ಚೇಂಬರ್‌ಗೆ (ನಳಿಗೆಯ ಹಿಂದೆ ತೋಟೆ ಕೂರುವ ಜಾಗ) ಹಾಕಿ ಸಂಜೆ ತೆಗೆಯುತ್ತಾ ಇದ್ದರೆ, ಒಂದು ವಾರದಲ್ಲಿ ಗುಂಡು ಹಿತ್ತಾಳೆಯ ಕೇಸಿನೊಳಕ್ಕೆ ಸರಿಯಬಹುದು. ಹೊಸ ತೋಟೆಯ ಪಕ್ಕ ನಿಲ್ಲಿಸಿ ನೋಡಿ. ಗಿಡ್ಡ ಕಂಡರೆ ಒತ್ತಡ ಏರುತ್ತದೆ, ಅದನ್ನು ಹೊಡೆಯಬೇಡಿ. ಕೇಸಿನ ಮೇಲೆ ಮಾರ್ಕರ್‌ನಿಂದ ಗೀಟು ಹಾಕಿಟ್ಟುಕೊಂಡರೆ ಎಷ್ಟು ಸಲ ಒಳಗೆ ಹೋಗಿ ಬಂತು ಎಂದು ತಿಳಿಯುತ್ತದೆ.

ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ತೋಟೆ ವರ್ಷಗಟ್ಟಲೆ ಬಿಟ್ಟರೆ ಚರ್ಮ ಹದ ಮಾಡಿದ ಆಮ್ಲಕ್ಕೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ, ಚೇಂಬರ್‌ನಲ್ಲಿ ಕಚ್ಚಿಕೊಳ್ಳುತ್ತದೆ. ನೈಲಾನ್ ಕುಣಿಕೆ ಅಥವಾ ಪ್ಲಾಸ್ಟಿಕ್ ಡಬ್ಬಿ ಬಳಸಿ. ತೋಟೆಗೆ ಎಣ್ಣೆ ಸವರುವ ಅಭ್ಯಾಸ ಕೆಲವರಿಗಿದೆ. ಎಣ್ಣೆ ಪ್ರೈಮರ್ (ತೋಟೆಯ ತಳದಲ್ಲಿ ಕಿಡಿ ಹೊತ್ತಿಸುವ ಭಾಗ) ಸಂದಿಯಲ್ಲಿ ಇಳಿದು ಮದ್ದನ್ನು ಕೆಡಿಸಿದರೆ ಕ್ಲಿಕ್ ಸದ್ದು ಮಾತ್ರ ಕೇಳಿಸುತ್ತದೆ. ಹಾಗಾದಾಗ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ಕಾದು ಬೋಲ್ಟ್ ತೆರೆಯಬೇಕು. ಜೊತೆಗಾರರ ಬಳಿ .308 ಅಳತೆಯ ರೈಫಲ್ ಇದ್ದರೆ ತೋಟೆಗಳು ಒಂದೇ ಚೀಲಕ್ಕೆ ಬೀಳದಂತೆ ನೋಡಿಕೊಳ್ಳಿ. ಅದರ ಕೇಸ್ 51 ಮಿಮೀ, ನಮ್ಮದು 63. ಗಿಡ್ಡದು ಉದ್ದದ ಚೇಂಬರ್‌ನೊಳಗೆ ಸೇರಿಕೊಂಡು ಸಿಡಿದುಬಿಡಬಹುದು.

ಗುರಿಯ ಮಾತು ಚಿಕ್ಕದು: ಪ್ರಾಣಿ ಅಡ್ಡಕ್ಕೆ ನಿಂತಾಗ ಮುಂಗಾಲಿನ ಹಿಂದಿನ ಅಂಚು, ಎದೆಯ ತಳದಿಂದ ಮೂರರಲ್ಲಿ ಒಂದು ಪಾಲು ಮೇಲೆ. ಬೆನ್ನು ತಿರುಗಿಸಿ ಹೋಗುತ್ತಿದ್ದರೆ ಬಿಟ್ಟುಬಿಡಿ.

ಎಚ್-1ಬಿ ವೀಸಾದಲ್ಲಿರುವವರು ಕೊಳ್ಳುವ ಮೊದಲೇ ತಿಳಿದಿರಬೇಕಾದ್ದು: ಅಮೆರಿಕದ ಫೆಡರಲ್ ಕಾನೂನಿನಲ್ಲಿ ವಲಸೆಯೇತರ ವೀಸಾದವರಿಗೆ ಕೋವಿ ಮಾತ್ರವಲ್ಲ, ತೋಟೆ ಇಟ್ಟುಕೊಳ್ಳುವುದೂ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಲೈಸೆನ್ಸ್ ಅವಧಿ ಮುಗಿದರೆ ಕಪಾಟಿನಲ್ಲಿ ಉಳಿದ ಅರ್ಧ ಡಬ್ಬಿಯೂ ತೊಂದರೆಯೇ. ಇನ್ನು ಊರಿಗೆ ಹೊರಡುವ ಮುಂಚೆ ಬೇಟೆಗೆ ಒಯ್ದ ಜಾಕೆಟ್ ಮತ್ತು ಬ್ಯಾಗಿನ ಪ್ರತಿ ಜೇಬನ್ನೂ ತಲೆಕೆಳಗು ಮಾಡಿ ಕೊಡವಿ. ಭಾರತದ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ತೋಟೆ ಸಿಕ್ಕರೂ ಆಯುಧ ಕಾಯ್ದೆಯಡಿ ಕೇಸು ಬೀಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಆ ಬ್ಯಾಗನ್ನು ಊರಿಗೆ ತರದೇ ಇರುವುದು.